ತಾಳಕ್ಕೆ ಸರಿಯಾಗಿ ಲೋಳೆಸರ

"ಹೊಡ್ಕೊಳ್ಳಿ!" ಅಂದರು ವೆಂಕೋಬರಾಯರು.

"ಯಾರನ್ನ?" ಅಂದೆ.

"ನಿಮ್ಮನ್ನೇ! ಸೊಳ್ಳೆ ಕಚ್ಚಿದಾಗ ಹೊಡ್ಕೊಳ್ಳಲ್ವೇ, ಹಾಗೆ. ತೋಳಿಗೋ ಕೆನ್ನೆಗೋ, ನಿಮ್ಮಿಷ್ಟ. ಆಮೇಲೆ ನೋಡಿ ಮಜಾನ!"

ಮೂವತ್ತೊಂದು ವರ್ಷ ಪ್ರೈಮರಿ ಶಾಲೆಯಲ್ಲಿ ಊರವರ ಮಕ್ಕಳ ಕಿವಿ ಹಿಂಡಿ ನಿವೃತ್ತಳಾದವಳು ನಾನು, ಪಂಕಜಾಕ್ಷಿ. ಅಂಥವಳಿಗೆ ಅವಳ ಕೈಯಿಂದಲೇ ಏಟು ಕೊಡಿಸುವ ಧೈರ್ಯ ಮೈಸೂರಿನ ನಮ್ಮ ಬನ್ನಿಮರದ ಬೀದಿಯಲ್ಲಿ ಈ ಮನುಷ್ಯನಿಗೆ ಮಾತ್ರ ಉಂಟು. ರಾಯರು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ನಿವೃತ್ತರಾದ ಮೇಲೂ ಕೈ ಸುಮ್ಮನಿರಲಿಲ್ಲ. ತಾನೇ ತಿರುಗುವ ಒರಳುಕಲ್ಲು ಮಾಡಿದರು. ಅದು ಹಿಟ್ಟಿನ ಸಮೇತ ಬೀದಿಗೆ ಹೊರಟುಹೋಯಿತು. ತಾನೇ ಮಡಚಿಕೊಳ್ಳುವ ಹಾಸಿಗೆ ಮಾಡಿದರು. ಅದರೊಳಗಿಂದ ಅವರ ಷಡ್ಡಕನನ್ನು ಬಿಡಿಸಲು ನಾಲ್ಕು ಜನ ಬೇಕಾಯಿತು. ಕಾಂಪೌಂಡು ಗೋಡೆಯ ಈಚೆ ಮನೆ ಮಾಡಿದ ತಪ್ಪಿಗೆ ಇವೆಲ್ಲಕ್ಕೂ ನಾನೇ ಮೊದಲ ಸಾಕ್ಷಿ.

ಈ ಸಲದ ಅವತಾರ ಅವರ ವರಾಂಡದ ನಡುವೆ ನಿಂತಿತ್ತು. ಹೊಟ್ಟೆಯ ಜಾಗದಲ್ಲಿ ದೊಡ್ಡದೊಂದು ಪ್ರೆಷರ್ ಕುಕ್ಕರು. ಅದರ ಮೇಲೆ ನಾಲ್ಕು ಡಬ್ಬಿಯ ಟಿಫಿನ್ ಕ್ಯಾರಿಯರ್. ಮೇಲಿನ ಡಬ್ಬಿಗಳಲ್ಲಿ ಔಷಧ, ಅಡಿಯ ಡಬ್ಬಿಯಲ್ಲಿ ಯಂತ್ರದ ಬುದ್ಧಿಯಂತೆ. ಕಿವಿಗೆ ಎರಡು ಎಣ್ಣೆ ಲಾಳಿಕೆ. ಹಳೆಯ ರೇಡಿಯೋಗಳ ಏರಿಯಲ್ ಕಿತ್ತು ಮಾಡಿದ ಆರು ಕೈ, ಒಂದೊಂದರ ತುದಿಗೂ ಕಿಟಕಿಗೆ ಬಣ್ಣ ಹೊಡೆಯುವ ಬ್ರಷ್ಷು. ಕೆಳಗೆ ಮೂರು ಚಕ್ರ.

"ಹೆಸರು ಉಪಚಾರಿ," ಅಂದರು ರಾಯರು, ಮಗುವಿನ ನಾಮಕರಣ ಮಾಡಿದವರ ಹಾಗೆ. "ಕೆಮಿಕಲ್ಲು ಒಂದು ತೊಟ್ಟೂ ಇಲ್ಲ! ಕುಕ್ಕರಲ್ಲಿ ಬೇವಿನ ಸೊಪ್ಪು, ಲಕ್ಕಿ ಸೊಪ್ಪು, ಮಜ್ಜಿಗೆ ಹುಲ್ಲು, ಬೆಳ್ಳುಳ್ಳಿ ಸಿಪ್ಪೆ. ಇದರ ಹೊಗೆಗೆ ಸೊಳ್ಳೆ ಸಾಯಲ್ಲ, ಬೇಜಾರಾಗಿ ಎದ್ದು ಹೋಗತ್ತೆ. ಕಚ್ಚಿದ ಜಾಗಕ್ಕೆ ಲೋಳೆಸರ, ತುಳಸಿ ರಸ, ಅರಿಶಿನ. ಜೇನು ಗೀನು ಕುಟುಕಿದ್ರೆ ಅಂತ ಇನ್ನೊಂದು ಡಬ್ಬೀಲಿ ಎಲೆ ಅಡಿಕೆ ಸುಣ್ಣ. ಎಲ್ಲಿ ಪಟ್ ಅಂತ ಏಟಿನ ಸದ್ದು ಕೇಳತ್ತೋ ಅಲ್ಲಿ ಸೊಳ್ಳೆ ಇದೆ ಅಂತ ಲೆಕ್ಕ. ಅಲ್ಲಿಗೇ ಹೋಗಿ ಉಪಚಾರ ಮಾಡತ್ತೆ. ಸದ್ದು ಜಾಸ್ತಿ ಆದಷ್ಟೂ ಉಪಚಾರ ಜಾಸ್ತಿ!"

ನಟಿಸುವ ಅಗತ್ಯವೇ ಬೀಳಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತು. ನಿಜವಾದ ಸೊಳ್ಳೆಯೇ ಮೊಣಕೈಗೆ ಕೂತಿತು. ಪಟ್ ಎಂದು ಹೊಡೆದೆ. ಲಾಳಿಕೆ ಎರಡೂ ನನ್ನ ಕಡೆ ತಿರುಗಿದವು. ಒಂದು ಕೈ ಸರ್ರನೆ ಉದ್ದವಾಗಿ ಬಂದು ತಣ್ಣಗಿನ ಲೇಪವನ್ನು ಮೊಣಕೈಗೆ ಹಚ್ಚಿತು. ಒಳಗಿನಿಂದ ಹೆಂಗಸಿನ ಮೆತ್ತನೆಯ ದನಿ ಬಂತು.

"ಅಯ್ಯೋ, ಕಚ್ಚಿತಾ? ಪಾಪ!"

"ಇದು ನಿಮ್ಮ ಸುಭದ್ರಾ ದನಿ ಅಲ್ವೇನ್ರೀ?"

"ಹೌದು. ಹೋದ ವಾರ ನನ್ನನ್ನ ಕೆಂಜಿಗ ಕಚ್ಚಿತು. ಆಗ ಅಂದಿದ್ದು ಹಿಡಿದಿಟ್ಕೊಂಡೆ. ಉಪಚಾರ ಅಂದ್ಮೇಲೆ ದನೀನೂ ಇರಬೇಡವೇ?"

ನಿಜ ಹೇಳಬೇಕು, ತುರಿಕೆ ನಿಂತೇ ಹೋಗಿತ್ತು. ಹೊಗೆಯೂ ಹಿತವಾಗಿತ್ತು. ನನಗೆ ಗಾಬರಿಯಾಯಿತು. ರಾಯರ ಯಂತ್ರವೊಂದು ಮೊದಲ ದಿನವೇ ನೆಟ್ಟಗೆ ಕೆಲಸ ಮಾಡಿದ್ದು ಇದೇ ಮೊದಲು.

"ಆರಿಸೋ ಸ್ವಿಚ್ಚೆಲ್ಲಿ?" ಅಂದೆ, ಹುಷಾರಾಗಿ.

"ಸ್ವಿಚ್ಚೇ ಇಲ್ಲ! ಐದು ನಿಮಿಷ ಏಟಿನ ಸದ್ದು ಕೇಳದಿದ್ರೆ, ಸೊಳ್ಳೆ ಹೋಯ್ತು ಅಂತ ತಾನೇ ಮಲಗತ್ತೆ. ಬ್ಯಾಟರಿ ಕುಕ್ಕರಿನ ಅಡೀಲಿದೆ. ಬಿಸಿ ಇದ್ದಾಗ ಮುಟ್ಟೋ ಹಾಗಿಲ್ಲ."

"ರಾಯರೇ, ಇಷ್ಟೆಲ್ಲ ಯಾಕೆ? ಹಿತ್ತಲಲ್ಲಿ ಏಳು ಡ್ರಮ್ಮು ನೀರು ತೆರೆದಿಟ್ಟಿದ್ದೀರಲ್ಲ, ಅದನ್ನ ಬೋರಲು ಹಾಕಿ. ಬೀದಿ ಸೊಳ್ಳೆಯೆಲ್ಲ ಅಲ್ಲೇ ಹುಟ್ಟೋದು. ನಾನೇ ನೋಡಿದ್ದೀನಿ, ಹುಳ ಹೇಗೆ ಕುಣೀತಾ ಇರ್ತವೆ ಅಂತ."

"ನಿಮಗೆ ವಿಜ್ಞಾನ ತಿಳಿಯಲ್ಲ! ನಲ್ಲಿ ನೀರಿನ ಔಷಧದ ವಾಸನೆ ಹೋಗಬೇಕು ಅಂದ್ರೆ ಹದಿನೈದು ದಿನ ತೆರೆದಿಡಬೇಕು. ಆ ನೀರಲ್ಲೇ ಲೇಪ ಅರೆಯೋದು."

ಸೊಳ್ಳೆ ಓಡಿಸುವ ಔಷಧಕ್ಕಾಗಿ ಸೊಳ್ಳೆ ಸಾಕುವುದು ವಿಜ್ಞಾನ ಎಂದು ನನಗೆ ನಿಜಕ್ಕೂ ತಿಳಿದಿರಲಿಲ್ಲ. ಆಗ ಸುಭದ್ರಾ ಕಾಫಿ ಹಿಡಿದು ಬಂದಳು, ಬಂದವಳು ಯಂತ್ರದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಈ ಯಂತ್ರ ಹುಟ್ಟಿದ್ದೇ ಅವಳಿಗಾಗಿ. ಸುಭದ್ರಾ ರಾಯರ ಹೆಂಡತಿ, ನನ್ನ ನಲವತ್ತು ವರ್ಷದ ಗೆಳತಿ. ಬೀದಿಯ ಅರ್ಧ ಮಕ್ಕಳಿಗೆ ಸರಳೆ ವರಸೆ ಕಲಿಸಿದವಳು. ಆದರೆ ಅವಳು ವೇದಿಕೆ ಹತ್ತಿದ್ದು ಒಂದೇ ಸಲ, ಕಳೆದ ವರ್ಷ, ನಮ್ಮ ಬೀದಿಯ ರಾಮನವಮಿ ಉತ್ಸವದಲ್ಲಿ. ದೊಡ್ಡ ಕಛೇರಿಗೆ ಮೊದಲು ಅರ್ಧ ಗಂಟೆ ಅವಳ ಹಾಡು. ಎಷ್ಟು ಚೆನ್ನಾಗಿ ಹಾಡುತ್ತಿದ್ದಳು! ಮೇಲಿನ ಷಡ್ಜಕ್ಕೆ ಹೋಗಿ ಬಾಯಿ ತುಂಬ ತೆರೆದು ನಿಂತಳು ನೋಡಿ, ಸೊಳ್ಳೆಯೊಂದು ನೆಟ್ಟಗೆ ಗಂಟಲಿಗೆ ಹೋಯಿತು. ಕೆಮ್ಮು, ಕಣ್ಣಲ್ಲಿ ನೀರು, ಮತ್ತೆ ಕೆಮ್ಮು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಅವಳು ಎದ್ದು ಇಳಿದುಬಿಟ್ಟಳು. ಅಂದಿನಿಂದ ಆರತಿಗೆ ಕೂಡ ಬಾಯಿ ಬಿಟ್ಟಿರಲಿಲ್ಲ.

ಈ ವರ್ಷ ಸಮಿತಿಯ ಕಾರ್ಯದರ್ಶಿ ಶಿವನಂಜಪ್ಪನವರನ್ನು ಕಾಡಿ ಬೇಡಿ ನಾನೇ ಅವಳಿಗೆ ಮತ್ತೆ ಅರ್ಧ ಗಂಟೆ ಕೊಡಿಸಿದ್ದೆ. "ಇದೇ ಕೊನೆ ಸಲ ಕಣಮ್ಮ. ಈ ಸಲಾನೂ ನಡುವೆ ಎದ್ದು ಹೋದ್ರೆ ನನ್ನ ಕೈಲಿ ಆಗಲ್ಲ," ಎಂದಿದ್ದರು ಅವರು.

"ಪಂಕೂ," ಅಂದಳು ಸುಭದ್ರಾ, ಕಾಫಿ ಲೋಟ ನನ್ನ ಕೈಗಿಡುತ್ತ. "ನನಗೆ ಶಾಲು ಹಾರ ಏನೂ ಬೇಡ ಕಣೆ. ಒಂದೇ ಒಂದ್ಸಲ ಕೊನೇವರೆಗೂ ಹಾಡಿ, ಜನ ಚಪ್ಪಾಳೆ ತಟ್ಟೋದನ್ನ ಕೇಳಿಸ್ಕೋಬೇಕು. ಅಷ್ಟೇ."

ರಾಯರು ಎಲ್ಲೋ ನೋಡುತ್ತ ಬ್ರಷ್ಷಿನ ಕೂದಲು ಸರಿಮಾಡಿದರು. "ಒಂದು ಸೊಳ್ಳೆ ಕೂಡ ನಿನ್ನ ಹತ್ರ ಬರಲ್ಲ, ನೋಡ್ತಿರು," ಎಂದು ಗೊಣಗಿದರು.

ಮರುದಿನ ಬೆಳಗ್ಗೆ ನಾನು ಅಕ್ಕಿರೊಟ್ಟಿ ಮಾಡುತ್ತಿದ್ದೆ. ಬಾಳೆಲೆಯ ಮೇಲೆ ಹಿಟ್ಟಿನ ಉಂಡೆ ಇಟ್ಟು ತಟ್ಟಿದೆ. ಪಟ ಪಟ ಪಟ. ಎರಡನೇ ರೊಟ್ಟಿ ತಟ್ಟುವಾಗ ಗೇಟು ಕಿರ್ರೆಂದಿತು. ಮೂರನೆಯದಕ್ಕೆ ನನ್ನ ಅಡುಗೆಮನೆಯ ಬಾಗಿಲಲ್ಲಿ ಎರಡು ಲಾಳಿಕೆ ಇಣುಕಿದವು.

"ಅಯ್ಯೋ, ಕಚ್ಚಿತಾ? ಪಾಪ!"

"ಇಲ್ಲ, ಹೋಗು!" ಎಂದು ಕೂಗಿದೆ. ಯಂತ್ರದೊಡನೆ ಮಾತಾಡಿದ್ದಕ್ಕೆ ನನಗೇ ನಾಚಿಕೆಯಾಯಿತು. ಅಷ್ಟರಲ್ಲಿ ಆರು ಕೈಗಳೂ ಬಂದು ನನ್ನ ರೊಟ್ಟಿಗೆ ಲೋಳೆಸರ ಬಳಿದವು. ತಟ್ಟಿದ್ದಕ್ಕೂ ಬಳಿದವು, ಬೆಂದಿದ್ದಕ್ಕೂ ಬಳಿದವು, ಕಾದ ಕಾವಲಿಗೂ ಬಳಿದವು. ಚುಂಯ್ ಎಂದು ಎದ್ದ ಹೊಗೆಯಲ್ಲಿ ಅದಕ್ಕೆ ಇನ್ನಷ್ಟು ಹುರುಪು ಬಂದು, ಒಲೆಯ ಪಕ್ಕದಲ್ಲಿದ್ದ ಕಾಯಿಚಟ್ನಿಗೂ ಸಮಾಧಾನ ಹೇಳಿತು.

ಲೇಪ ತೊಟ್ಟಿಕ್ಕುವ ರೊಟ್ಟಿಯನ್ನು ತಟ್ಟೆಯಲ್ಲಿಟ್ಟು ರಾಯರ ಮುಂದೆ ಹಿಡಿದೆ. "ತಿನ್ನಿ."

"ಅದೂ... ತಪ್ಪು ನನ್ನದೇ. ಯಾವ ಸದ್ದಾದರೂ ಸರಿ ಅಂತ ಕಲಿಸಿಬಿಟ್ಟಿದ್ದೆ."

"ತಿನ್ನಿ ಅಂದೆ!"

ರಾಯರು ಒಂದು ಚೂರು ಬಾಯಿಗಿಟ್ಟರು. ಅವರ ಮುಖ ಶಾಲೆಯಲ್ಲಿ ಹೋಂವರ್ಕ್ ಮರೆತು ಬಂದ ಮಕ್ಕಳ ಮುಖದಂತಾಯಿತು. "ಇವತ್ತೇ ಸರಿಮಾಡ್ತೀನಿ ಪಂಕಜಾಕ್ಷಿಯವರೇ. ಇನ್ನು ಹಿಟ್ಟು, ಬಾಗಿಲು, ಬಟ್ಟೆ ಒಗೆಯೋ ಕಲ್ಲು, ಯಾವುದಕ್ಕೂ ಅಲ್ಲಾಡಲ್ಲ. ಚರ್ಮದ ಮೇಲೆ, ನಡುವೆ ಪಂಚೆ ಸೀರೆ ಇದ್ರೂ ಸರಿ, ಅಂಗೈ ಬಿದ್ದ ಸದ್ದು ಬಂದ್ರೆ ಮಾತ್ರ ಎದ್ದೇಳೋದು. ಚರ್ಮ! ಅದು ಬಿಟ್ಟು ಬೇರೇನೂ ಇಲ್ಲ!"

ಸಂಜೆ ನಾನು ಪರೀಕ್ಷೆ ಮಾಡಿದೆ. ರೊಟ್ಟಿ ತಟ್ಟಿದೆ, ಗೋಡೆಗೆ ಬಡಿದೆ, ರಗ್ಗು ಒದರಿದೆ. ಯಂತ್ರ ಮಿಸುಕಲಿಲ್ಲ. ಕೆನ್ನೆಗೆ ಒಂದು ಹೊಡೆದುಕೊಂಡೆ. ಓಡಿ ಬಂತು. ಸರಿಹೋಯಿತು ಎಂದು ನಾನೂ ಒಪ್ಪಿದೆ. ಚರ್ಮದ ಮೇಲೆ ಅಂಗೈ ಬೀಳುವ ಸಂದರ್ಭಗಳು ಸೊಳ್ಳೆ ಹೊಡೆಯುವುದಲ್ಲದೆ ಇನ್ನೂ ಇವೆ ಎಂಬುದು ಅಷ್ಟು ವರ್ಷ ಸಂಗೀತ ಕೇಳಿದ ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ರಾಮನವಮಿಯ ದಿನ ಸಂಜೆ ಆರು ಗಂಟೆ. ಬೀದಿಗೆ ಅಡ್ಡಲಾಗಿ ಪೆಂಡಾಲು, ಜಮಖಾನದ ಮೇಲೆ ನೂರು ಜನ. ಪಾನಕ, ಕೋಸಂಬರಿ ಹಂಚಿ ಆಗಿತ್ತು. ವೇದಿಕೆಯ ನಡುವೆ ಸುಭದ್ರಾ, ಮಾವಿನ ಚಿಗುರಿನ ಬಣ್ಣದ ರೇಷ್ಮೆ ಸೀರೆಯಲ್ಲಿ. ಎಡಕ್ಕೆ ಪಿಟೀಲಿನ ಹುಡುಗಿ. ಬಲಕ್ಕೆ ಮೃದಂಗದ ವಿದ್ವಾನ್ ಅಳಸಿಂಗಾಚಾರ್ಯರು. ಹಿಂದೆ ತಂಬೂರಿ ಹಿಡಿದು ನಾನು.

ನಾನು ತಂಬೂರಿಗೆ ಬಂದದ್ದು ಈ ಆಚಾರ್ಯರ ದಯೆಯಿಂದ. ಅಭ್ಯಾಸದ ದಿನ ನಾನು ಉತ್ಸಾಹದಲ್ಲಿ ತಾಳ ಹಾಕುತ್ತಿದ್ದೆ. ಅವರು ಮೃದಂಗ ನಿಲ್ಲಿಸಿ, "ಅಮ್ಮಾ, ನಿಮ್ಮ ಕೈಯನ್ನ ತಂಬೂರಿ ಮೇಲಿಡಿ, ತಾಳಕ್ಕೆ ಬೇಡ. ಈ ಬೀದೀಲಿ ತಾಳ ಶುದ್ಧ ಇರೋರು ಒಬ್ಬರೂ ಇಲ್ಲ," ಎಂದಿದ್ದರು. ಮೂವತ್ತೊಂದು ವರ್ಷ ಮಗ್ಗಿ ಹೇಳಿಸಿದ ನನಗೆ ಒಂದರಿಂದ ಎಂಟು ಎಣಿಸಲು ಬರುವುದಿಲ್ಲವಂತೆ! ಸುಭದ್ರಾಳ ಮುಖ ನೋಡಿಕೊಂಡು ನುಂಗಿಕೊಂಡೆ.

ಗಂಡಸರ ಸಾಲಿಗೂ ಹೆಂಗಸರ ಸಾಲಿಗೂ ನಡುವಿನ ದಾರಿಯಲ್ಲಿ ಉಪಚಾರಿ ನಿಂತಿತ್ತು. ರಾಯರು ಅದರ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಪಂಚೆಯುಟ್ಟು. ಮೊದಲ ಹತ್ತು ನಿಮಿಷ ಅದ್ಭುತ! ಬೇವು, ಲಕ್ಕಿ, ಬೆಳ್ಳುಳ್ಳಿಯ ಹೊಗೆ ಹದವಾಗಿ ಹರಡಿತು. ಒಂದೇ ಒಂದು ಸೊಳ್ಳೆ ಕಾಣಲಿಲ್ಲ. ಅಲ್ಲೊಬ್ಬರು ಇಲ್ಲೊಬ್ಬರು ಅಭ್ಯಾಸಬಲದಿಂದ ಹೊಡೆದುಕೊಂಡರೆ ಯಂತ್ರ ಮೆತ್ತಗೆ ಹೋಗಿ, "ಅಯ್ಯೋ, ಕಚ್ಚಿತಾ? ಪಾಪ!" ಎಂದು ಲೇಪ ಹಚ್ಚಿ ಬಂತು. ಜನ ತಲೆದೂಗಿದರು. ಸುಭದ್ರಾ ಆಲಾಪನೆ ಮುಗಿಸಿ ನನ್ನತ್ತ ತಿರುಗಿ ಸಣ್ಣಗೆ ನಕ್ಕಳು. ಒಂದು ವರ್ಷದ ಮೇಲೆ ಆ ನಗು ನೋಡಿದೆ.

ಆಮೇಲೆ ಕಲ್ಯಾಣಿ ರಾಗದ ಕೃತಿ ಎತ್ತಿಕೊಂಡಳು. ಆದಿತಾಳ.

ಮೈಸೂರಿನ ರಸಿಕರಿಗೆ ಆದಿತಾಳ ಕಿವಿಗೆ ಬಿದ್ದರೆ ಕೈ ಸುಮ್ಮನಿರುತ್ತದೆಯೇ? ನೂರು ಅಂಗೈ ಮೇಲೆದ್ದವು. ನೂರು ತೊಡೆಯ ಮೇಲೆ ಒಟ್ಟಿಗೆ ಬಿದ್ದವು.

ಪಟ್!

ಉಪಚಾರಿಯ ಲಾಳಿಕೆಗಳು ನಡುಗಿದವು. ನೂರು ಸೊಳ್ಳೆ ಒಂದೇ ಕ್ಷಣದಲ್ಲಿ ನೂರು ಜನರನ್ನು ಕಚ್ಚಿದ್ದು ಅದರ ಆಯುಷ್ಯದಲ್ಲೇ ಮೊದಲು. ಆರು ಕೈಗಳೂ ಸರ್ರನೆ ಚಾಚಿಕೊಂಡವು. ಮೊದಲ ಸಾಲಿನ ಆರು ತೊಡೆಗಳು ಹಳದಿಯಾದವು.

"ಅಯ್ಯೋ, ಕಚ್ಚಿತಾ? ಪಾಪ!"

ಮತ್ತೆ ಏಟು ಬಿತ್ತು. ಮತ್ತೆ ಆರು ತೊಡೆ. ನಡುವೆ ಕಿರುಬೆರಳು, ಉಂಗುರಬೆರಳು, ನಡುಬೆರಳು ಎಣಿಸಿದ್ದನ್ನು ಮರಿಸೊಳ್ಳೆ ಎಂದು ತಿಳಿಯಿತೋ ಏನೋ, ಅದಕ್ಕೆಲ್ಲ ಒಂದೊಂದು ಸಣ್ಣ ಚುಕ್ಕೆ ಇಟ್ಟುಕೊಂಡು ಹೋಯಿತು. ಶಿವನಂಜಪ್ಪನವರ ಹೊಸ ಬಿಳಿ ಪಂಚೆಯ ಮೇಲೆ ಅಂಗೈಯಗಲದ ಅರಿಶಿನ. ಅವರು ಬೇಜಾರಿನಿಂದ ತೊಡೆ ಚಚ್ಚಿಕೊಂಡರು. ಅದಕ್ಕೂ ಒಂದು ಪಾಲು ಸಿಕ್ಕಿತು.

"ರೀ ರಾಯರೇ, ಏನ್ರೀ ಇದು!"

"ತಾಳ ಹಾಕಬೇಡಿ ಸ್ವಾಮಿ!" ರಾಯರು ಪಿಸುಗುಟ್ಟಿದರು.

"ತಾಳ ಹಾಕದೆ ಹಾಡು ಹೇಗ್ರೀ ಕೇಳೋದು? ನಾವೇನು ಬಸ್ಸಿಗೆ ಕಾಯ್ತಾ ಇದ್ದೀವಾ?"

ಎರಡು ಆವರ್ತನ ಕಳೆಯುವಷ್ಟರಲ್ಲಿ ಯಂತ್ರಕ್ಕೆ ಜಾಡು ಸಿಕ್ಕಿಬಿಟ್ಟಿತು. ಈ ಬೀದಿಯ ಸೊಳ್ಳೆಗಳು ಎಂಟಕ್ಕೊಂದು ಸುತ್ತು ಹಾಕುತ್ತವೆ. ಒಂದಕ್ಕೆ, ಐದಕ್ಕೆ, ಏಳಕ್ಕೆ ಕಚ್ಚುತ್ತವೆ. ಅದು ಇನ್ನು ಏಟಿಗಾಗಿ ಕಾಯಲಿಲ್ಲ. ಅಂಗೈ ಇಳಿಯುವುದಕ್ಕೆ ಮೊದಲೇ ಲೇಪ ತುಂಬಿದ ಬ್ರಷ್ಷು ತೊಡೆಯ ಮೇಲೆ ಹಾಜರಿರುತ್ತಿತ್ತು. ಪಟ್ ಎಂಬ ಸದ್ದು ಹೋಗಿ ಪಚಕ್ ಎಂಬ ಸದ್ದು ಬಂತು. ಪಚಕ್, ಒಂದು, ಎರಡು, ಮೂರು. ಪಚಕ್, ಬೀಸು. ಪಚಕ್, ಬೀಸು. ಬೀಸಿದಾಗಲೆಲ್ಲ ಲೋಳೆಸರ ಪಕ್ಕದವರ ಮುಖಕ್ಕೆ ಹಾರಿತು. ಪಕ್ಕದವರು ಕೆನ್ನೆ ಮುಟ್ಟಿ ನೋಡಿಕೊಂಡು ರೇಗಿದರು. ಹೆಂಗಸರ ಕಡೆ ಒಬ್ಬರು ಸೆರಗಿನಿಂದ ಒರೆಸಿ ಇನ್ನೊಬ್ಬರಿಗೆ ಹಚ್ಚಿ, ಮಾತಿಗೆ ಮಾತು ಬೆಳೆಯಿತು.

ಇಷ್ಟಾದರೂ ಸುಭದ್ರಾ ನಿಲ್ಲಿಸಲಿಲ್ಲ! "ಪಂಕೂ, ಎದ್ದು ಹೋಗ್ತಿದ್ದಾರಾ?" ಎಂದು ಪಿಟೀಲಿನ ಸರದಿ ಬಂದಾಗ ಹಿಂದಕ್ಕೆ ಬಾಗಿ ಕೇಳಿದಳು.

"ಇಲ್ಲ ಕಣೆ. ಯಾರೂ ಎದ್ದಿಲ್ಲ," ಅಂದೆ. ಅದು ಸುಳ್ಳಲ್ಲ. ಹಾಡು ಅಷ್ಟು ಚೆನ್ನಾಗಿತ್ತು. ಜಮಖಾನವೂ ಅಷ್ಟು ಅಂಟಿಕೊಂಡಿತ್ತು.

ಆಗ ಅಳಸಿಂಗಾಚಾರ್ಯರ ತನಿ ಆವರ್ತನ ಬಂತು. ಉಳಿದವರೆಲ್ಲ ಸುಮ್ಮನಿರಬೇಕು, ಮೃದಂಗವೊಂದೇ ಮಾತಾಡಬೇಕು. ಆಚಾರ್ಯರು ಕಣ್ಣು ಮುಚ್ಚಿ, ಶಲ್ಯ ಹಿಂದಕ್ಕೆಸೆದು, ತಕ ತಧಿಮಿ ಎಂದು ಶುರುಮಾಡಿದರು.

ಮೃದಂಗ ಎಂದರೇನು? ಮರದ ಮೇಲೆ ಬಿಗಿದ ಚರ್ಮ. ಅದರ ಮೇಲೆ ಬೀಳುವುದೇನು? ಅಂಗೈ. ಇಷ್ಟು ಹೊತ್ತು ನೂರು ತೊಡೆಯ ಸದ್ದಿನಲ್ಲಿ ಮುಳುಗಿದ್ದ ಅದು ಈಗ ಒಂಟಿಯಾಗಿ ಕೇಳಿಸಿತು. ಉಪಚಾರಿ ಗಕ್ಕನೆ ನಿಂತು ವೇದಿಕೆಯತ್ತ ತಿರುಗಿತು. ಅಲ್ಲೊಬ್ಬ ಮನುಷ್ಯನಿಗೆ ಸೆಕೆಂಡಿಗೆ ಹದಿನಾರು ಸಲ ಸೊಳ್ಳೆ ಕಚ್ಚುತ್ತಿದೆ! ಪಾಪ, ಎರಡೂ ಕೈಯಲ್ಲಿ ಹೊಡೆದುಕೊಳ್ಳುತ್ತಿದ್ದಾನೆ! ಇಂಥ ದುಃಖವನ್ನು ಅದು ಹುಟ್ಟಿದ ಮೇಲೆ ಕಂಡಿರಲಿಲ್ಲ. ನೂರು ಜನರನ್ನೂ ಬಿಟ್ಟು, ವೇದಿಕೆಯ ಮೆಟ್ಟಿಲನ್ನು ಧಡಧಡ ಏರಿ ಬಂತು.

"ಅಯ್ಯೋ, ಕಚ್ಚಿತಾ? ಪಾಪ! ಕಚ್ಚಿತಾ? ಪಾಪ! ಪಾಪ ಪಾಪ ಪಾಪ!"

ಮೃದಂಗದ ಬಲಮುಖಕ್ಕೆ ಒಂದು ಬ್ರಷ್ಷು, ಎಡಮುಖಕ್ಕೆ ಒಂದು, ಆಚಾರ್ಯರ ಎರಡು ಕೈಗೆ ಎರಡು, ಬೋಳುತಲೆಗೆ ಒಂದು. ಉಳಿದ ಒಂದು ಅವರ ಹಣೆಯ ನಾಮದ ಮೇಲೆ ಇನ್ನೊಂದು ನಾಮ ಎಳೆಯಿತು. ಧೀಂ ಎನ್ನಬೇಕಾದ ಮೃದಂಗ ಪುಸಕ್ ಎಂದಿತು.

ಆಚಾರ್ಯರು ಕಣ್ಣು ಬಿಟ್ಟರು. ತುಟಿಯಿಂದ ತುಳಸಿ ರಸ ಒರೆಸಿಕೊಂಡರು.

"ಏನಮ್ಮಾ ಇದು?" ಎಂದು ನನ್ನನ್ನೇ ಕೇಳಿದರು, ನಾನೇ ಮಾಡಿಸಿದೆ ಎಂಬಂತೆ. ನಾನು ನಗಬಾರದಿತ್ತು. ತಂಬೂರಿಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕೆ.

ಸುಭದ್ರಾ ಮಾತ್ರ ನಗಲಿಲ್ಲ. ಅವಳ ಕಣ್ಣು ತುಂಬಿತ್ತು. ಕಳೆದ ವರ್ಷದ ಹಾಗೆಯೇ ಸೀರೆಯ ನೆರಿಗೆ ಹಿಡಿದು ಏಳಲು ಹೊರಟಳು. ನನ್ನ ನಗು ಅಲ್ಲೇ ನಿಂತುಹೋಯಿತು.

"ಕೂತ್ಕೋ!" ಎಂದೆ, ಒಂದನೇ ತರಗತಿಗೆ ಹೇಳುವ ದನಿಯಲ್ಲಿ. ಇಡೀ ಪೆಂಡಾಲು ಕೂತಿತು. "ತಾಳ ಇಲ್ಲದೆ ಹಾಡೋದು ಏನೂ ಇಲ್ವೇನೆ ನಿನ್ನ ಹತ್ರ? ಉಗಾಭೋಗ ಹಾಡೇ! ಅದಕ್ಕೆ ತಾಳವೂ ಬೇಡ, ಮೃದಂಗವೂ ಬೇಡ."

ರಾಯರು ಅಷ್ಟರಲ್ಲಿ ಮೈಕು ಕಿತ್ತುಕೊಂಡಿದ್ದರು. "ಮಹಾಜನರೇ! ಐದೇ ಐದು ನಿಮಿಷ! ಯಾರೂ ಕೈ ಅಲ್ಲಾಡಿಸಬೇಡಿ. ತಾಳ ಬೇಡ, ಏಟು ಬೇಡ, ದಯವಿಟ್ಟು ಚಪ್ಪಾಳೆಯಂತೂ ಬೇಡವೇ ಬೇಡ! ಚಪ್ಪಾಳೆ ತಟ್ಟಿದ್ರೆ ಹೊಟ್ಟೇಲಿರೋದೆಲ್ಲ ಹೊರಗೆ ಬರತ್ತೆ. ಐದು ನಿಮಿಷ ಸುಮ್ಮನಿದ್ರೆ ಅದು ತಾನೇ ಮಲಗತ್ತೆ!"

ಎಂದು ಹೇಳಿ, ಗಡಿಯಾರ ನೋಡುತ್ತ ನಿಂತರು. ನೂರು ಜನ ಕೈಕಟ್ಟಿ ಕೂತರು. ಸುಭದ್ರಾ ಕಣ್ಣು ಮುಚ್ಚಿ ಹಾಡಿದಳು.

ಅವಳು ಅಂದು ಹೇಗೆ ಹಾಡಿದಳು ಎಂದು ಹೇಳಲು ನನಗೆ ಬರುವುದಿಲ್ಲ. ತಾಳದ ಹಂಗಿಲ್ಲದೆ, ಅವಸರವಿಲ್ಲದೆ, ಒಂದೊಂದು ಮಾತನ್ನೂ ಕೈಯಲ್ಲಿ ಹಿಡಿದು ನೋಡಿ ಕೆಳಗಿಟ್ಟ ಹಾಗೆ ಹಾಡಿದಳು. ನನಗೆ ಅಳು ಬಂತು. ನಲವತ್ತು ವರ್ಷ ಗೋಡೆಯಾಚೆ ಇದ್ದ ಈ ದನಿಗೆ ನಾನು ಬರೀ ಕಾಫಿ ಕುಡಿಯುತ್ತ ತಲೆ ಆಡಿಸಿದ್ದೆನಲ್ಲ ಎನಿಸಿತು.

ಆದರೆ ಕುಕ್ಕರಿನಲ್ಲಿ ಬೇವಿನ ಸೊಪ್ಪು ಮುಗಿದಿತ್ತು. ಹೊಗೆ ನಿಂತಿತು. ಎರಡನೇ ನಿಮಿಷಕ್ಕೆ ರಾಯರ ಹಿತ್ತಲಿನ ಏಳೂ ಡ್ರಮ್ಮಿನ ಸೊಳ್ಳೆಗಳು ಪೆಂಡಾಲಿಗೆ ಬಂದವು.

ನೂರು ಜನ, ಎಲ್ಲರೂ ಕೈಕಟ್ಟಿ ಕೂತವರು, ಒಬ್ಬರೂ ಹೊಡೆಯುವ ಹಾಗಿಲ್ಲ! ಸೊಳ್ಳೆಗಳಿಗೆ ಇಂಥ ಔತಣ ಯಾವ ಕಾಲದಲ್ಲಿ ಸಿಕ್ಕಿತ್ತು? ಶಿವನಂಜಪ್ಪನವರ ಕಿವಿಯ ತುದಿಯಲ್ಲಿ ಮೂರು ಕೂತಿದ್ದವು. ಅವರು ಹಲ್ಲು ಕಚ್ಚಿ ರಾಮ ರಾಮ ಎನ್ನುತ್ತಿದ್ದರು. ಆಚಾರ್ಯರು ಎರಡೂ ಕೈಗಳನ್ನು ತೊಡೆಯಡಿ ಅದುಮಿಟ್ಟುಕೊಂಡಿದ್ದರು. ನನ್ನ ಮೂಗಿನ ತುದಿಗೇ ಒಂದು ಬಂದು ಕೂತಿತು. ಕುಡಿಯಮ್ಮ, ಹೊಟ್ಟೆ ತುಂಬ ಕುಡಿ ಎಂದು ಮನಸ್ಸಿನಲ್ಲೇ ಹೇಳಿ ತಂತಿ ಮೀಟುತ್ತಿದ್ದೆ.

ಸುಭದ್ರಾ ಮೇಲಿನ ಷಡ್ಜಕ್ಕೆ ಏರಿದಳು. ಬಾಯಿ ತುಂಬ ತೆರೆದು ನಿಂತಳು. ಆಗ ನೋಡಿದೆ. ನನ್ನ ಮೂಗಿನಿಂದೆದ್ದ ಅದೇ ಸೊಳ್ಳೆ ಅವಳ ಮುಖದ ಸುತ್ತ ಒಂದು ಸುತ್ತು ಬಂತು. ಎರಡು ಸುತ್ತು ಬಂತು. ನೆಟ್ಟಗೆ ಒಳಗೆ ಹೋಯಿತು.

ರಾಯರೂ ನೋಡಿದರು, ಅವರ ಮುಖ ಬಿಳಿಚಿಕೊಂಡಿತು.

ಸುಭದ್ರಾ ಕಣ್ಣು ಬಿಟ್ಟಳು. ಒಂದು ಕ್ಷಣ ನನ್ನನ್ನು ನೋಡಿದಳು. ಏಳು ತಲೆಮಾರು ಈರುಳ್ಳಿಯನ್ನೂ ಮುಟ್ಟದ ಮನೆತನದ ಆ ಹೆಂಗಸು, ರಾಮನವಮಿಯ ದಿನ, ನೂರು ಜನರ ಎದುರು, ಒಂದು ಗಮಕ ಹಾಕಿ ಅದನ್ನು ನುಂಗಿಬಿಟ್ಟಳು. ನುಂಗಿ, ಷಡ್ಜದ ಮೇಲೆ ಮತ್ತೆ ನಿಂತಳು. ಮೊದಲಿಗಿಂತ ಗಟ್ಟಿಯಾಗಿ, ಮೊದಲಿಗಿಂತ ಹೊತ್ತು. ಆಮೇಲೆ ನಿಧಾನವಾಗಿ ಇಳಿದು ಬಂದು, ಕೊನೆಯ ಅಕ್ಷರದವರೆಗೂ ಹಾಡಿ, ಕೈ ಮುಗಿದಳು.

ರಾಯರ ಗಡಿಯಾರದಲ್ಲಿ ನಾಲ್ಕು ನಿಮಿಷ ನಲವತ್ತೆರಡು ಸೆಕೆಂಡು. ಇನ್ನು ಹದಿನೆಂಟೇ ಸೆಕೆಂಡು ಕಾದರೆ ಸಾಕು. ಜನ ಚಪ್ಪಾಳೆ ತಟ್ಟಬೇಕೆಂದು ಕಟ್ಟಿದ ಕೈಯೊಳಗೇ ಚಡಪಡಿಸುತ್ತಿದ್ದರು. ಹಾಡಿನಲ್ಲಿ ಮುಳುಗಿದ್ದ ಸುಭದ್ರಾ ಅದನ್ನೆಲ್ಲ ಮರೆತಿದ್ದಳು. ಮುಗಿದ ಕೈ ಹಾಗೇ ಇಟ್ಟುಕೊಂಡು ಕಾದಳು. ಯಾರೂ ತಟ್ಟಲಿಲ್ಲ. ಅವಳ ಮುಖ ಸಣ್ಣಗಾಯಿತು. ಕೈ ಮೆಲ್ಲಗೆ ಕೆಳಗಿಳಿಯಿತು.

ರಾಯರು ಗಡಿಯಾರ ನೋಡಿದರು. ಹೆಂಡತಿಯ ಮುಖ ನೋಡಿದರು. ಮತ್ತೆ ಗಡಿಯಾರ ನೋಡಲಿಲ್ಲ.

"ಹಾಳಾಗ್ಲಿ ಯಂತ್ರ!" ಎಂದು ಕೂಗಿ, ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು.

ಒಂಟಿ ಚಪ್ಪಾಳೆ ಒಂದು ಕ್ಷಣ ಮಾತ್ರ. ಮರುಕ್ಷಣ ಶಿವನಂಜಪ್ಪ ತಟ್ಟಿದರು, ಪಿಟೀಲಿನ ಹುಡುಗಿ ತಟ್ಟಿದಳು, ಆಚಾರ್ಯರು ತೊಡೆಯಡಿಯಿಂದ ಕೈ ಎಳೆದುಕೊಂಡು ತಟ್ಟಿದರು, ನಾನು ತಂಬೂರಿ ಪಕ್ಕಕ್ಕಿಟ್ಟು ತಟ್ಟಿದೆ. ನೂರು ಜನ ಎದ್ದು ನಿಂತು, ಇಡೀ ಬೀದಿ ಅದುರುವ ಹಾಗೆ ತಟ್ಟಿದರು!

ಉಪಚಾರಿಗೆ ತಲೆಕೆಟ್ಟಿತು. ಅಷ್ಟೊಂದು ನೋವಿಗೆ ಆರು ಕೈ ಎಲ್ಲಿ ಸಾಲುತ್ತದೆ? ಗಿರಗಿರ ತಿರುಗಿತು, "ಪಾಪ! ಪಾಪ! ಪಾಪ!" ಎಂದು ಕೀರಲು ದನಿಯಲ್ಲಿ ಕೂಗಿತು, ಒಂದು ದೊಡ್ಡ ಸೀಟಿ ಹಾಕಿತು. ಟಿಫಿನ್ ಕ್ಯಾರಿಯರಿನ ಮೇಲಿನ ಡಬ್ಬಿಗಳು ಹಾರಿಹೋದವು. ಅರಿಶಿನದ ಲೇಪದ ಡಬ್ಬಿ, ಸುಣ್ಣದ ಡಬ್ಬಿ ಎರಡೂ ಒಡೆದು ಒಂದರೊಳಗೊಂದು ಬೆರೆತವು. ಅರಿಶಿನಕ್ಕೆ ಸುಣ್ಣ ಸೇರಿದರೆ ಏನಾಗುತ್ತದೆ ಎಂದು ಆರತಿ ತಟ್ಟೆ ಎತ್ತಿದ ಯಾವ ಹೆಂಗಸಾದರೂ ಹೇಳುತ್ತಾಳೆ. ಕೆಂಪಗಿನ ಆರತಿ ನೀರು ಕಾರಂಜಿಯಂತೆ ಮೇಲೆದ್ದು, ವೇದಿಕೆಯ ಮೇಲೂ ಜಮಖಾನದ ಮೇಲೂ ನೂರೂ ಜನರ ತಲೆಯ ಮೇಲೂ ಸುರಿಯಿತು.

ಯಾರೂ ಚಪ್ಪಾಳೆ ನಿಲ್ಲಿಸಲಿಲ್ಲ. ಸುಭದ್ರಾ ಕೆಂಪು ತೊಟ್ಟಿಕ್ಕುವ ಮುಖದಲ್ಲಿ ನಗುತ್ತ, ಅಳುತ್ತ, ಅದನ್ನೆಲ್ಲ ಕೇಳಿಸಿಕೊಂಡಳು.

ತೊಳೆದುಕೊಳ್ಳಲು ನೂರು ಜನಕ್ಕೆ ನೀರು ಎಲ್ಲಿತ್ತು? ಸಂಜೆ ನಲ್ಲಿ ಬರುವುದಿಲ್ಲ. ಎಲ್ಲರೂ ಚೊಂಬು ಹಿಡಿದು ರಾಯರ ಹಿತ್ತಲಿಗೇ ನುಗ್ಗಿದರು. ಅರ್ಧ ಗಂಟೆಯಲ್ಲಿ ಏಳು ಡ್ರಮ್ಮೂ ಬರಿದಾದವು. ಕೊನೆಯದನ್ನು ನಾನೇ ಬೋರಲು ಹಾಕಿದೆ.

ಹತ್ತು ದಿನದಲ್ಲಿ ನಮ್ಮ ಬೀದಿಯ ಸೊಳ್ಳೆ ಕಾಟ ನಿಂತುಹೋಯಿತು. ತಮ್ಮ ಯಂತ್ರದ ಪ್ರಭಾವ ಎನ್ನುತ್ತಾರೆ ರಾಯರು. ಡ್ರಮ್ಮು ಎನ್ನುತ್ತೇನೆ ನಾನು. "ಎರಡೂ ಅಲ್ಲ. ಒಂದನ್ನ ನಾನು ನುಂಗಿದ್ದು ನೋಡಿ ಉಳಿದವು ಹೆದರಿ ಊರು ಬಿಟ್ವು," ಎನ್ನುತ್ತಾಳೆ ಸುಭದ್ರಾ. ಆ ಸೀರೆಯ ಕೆಂಪು ಕಲೆ ಹೋಗಿಲ್ಲ. ತೆಗೆಯಲು ಅವಳು ಪ್ರಯತ್ನವನ್ನೂ ಮಾಡಿಲ್ಲ.

ಉಪಚಾರಿಗೆ ಒಂದು ಕೈ ಮಾತ್ರ ಉಳಿದಿದೆ. ಸುಭದ್ರಾ ವರಾಂಡದಲ್ಲಿ ಅಭ್ಯಾಸಕ್ಕೆ ಕೂತರೆ ಅದು ತಾನಾಗಿ ಎದ್ದು, ಒಂದಕ್ಕೆ, ಐದಕ್ಕೆ, ಏಳಕ್ಕೆ ಸರಿಯಾಗಿ ಬ್ರಷ್ಷನ್ನು ನೆಲಕ್ಕೆ ಬಡಿಯುತ್ತದೆ. ಮೊನ್ನೆ ಅಳಸಿಂಗಾಚಾರ್ಯರು ಬಂದು ಅರ್ಧ ಗಂಟೆ ಕಣ್ಣು ಮುಚ್ಚಿ ಕೇಳಿದರು.

"ಶುದ್ಧ ತಾಳ," ಅಂದರು. "ಈ ಬೀದೀಲಿ ಇದೊಂದಕ್ಕೇ. ಮುಂದಿನ ವರ್ಷ ಇದು ವೇದಿಕೆ ಮೇಲೆ, ನನ್ನ ಪಕ್ಕದಲ್ಲೇ ಕೂರಬೇಕು."

ನನಗೆ ಮತ್ತೆ ತಂಬೂರಿಯಂತೆ. ನಾನು ನಗುತ್ತಲೇ ಒಪ್ಪಿಕೊಂಡೆ. ಆಚಾರ್ಯರ ಪಕ್ಕದಲ್ಲೇ ಕೂರುವ ಯಂತ್ರದ ಹೊಸ ಡಬ್ಬಿಗೆ ಈ ಸಲ ಏನು ತುಂಬಬೇಕು ಎಂಬುದನ್ನು ರಾಯರು ನನಗೇ ಬಿಟ್ಟಿದ್ದಾರೆ.